ಕಾಣದಿರುವುದೂ ಇಲ್ಲದಿರುವುದೂ

ಪುರಾಣ ಪ್ರವಚನಗಳಲ್ಲಿ ಹೊಸದೊಂದು ಉಪಮಾನವು ಈಚೆಗೆ ಬಳಕೆಗೆ ಬಂದಿದೆ. ಹಾಲಿನಲ್ಲಿ ತುಪ್ಪವೂ ಕಟ್ಟಿಗೆಯಲ್ಲಿ ಬೆಂಕಿಯೂ ಅಡಗಿರುವಂತೆ ಜಗತ್ತಿನಲ್ಲಿ ಪರಮಾತ್ಮನು ಅಡಗಿರುವನೆಂದು ಹಿಂದಿನವರು ಹೇಳುತ್ತಿದ್ದ ಎಡೆಯಲ್ಲಿ ಇಂದಿನವರು ವೈಫೈಯನ್ನು ತಂದು ನಿಲ್ಲಿಸುತ್ತಾರೆ. ಅದು ಕಣ್ಣಿಗೆ ಕಾಣದು, ಕೈಗೆ ಸಿಕ್ಕದು, ಆದರೂ ಮನೆಯೆಲ್ಲವನ್ನೂ ವ್ಯಾಪಿಸಿಕೊಂಡಿದೆ. ಪಾಸ್‌ವರ್ಡ್ ಬಲ್ಲವನಿಗೆ ಒಲಿಯುತ್ತದೆ, ಅರಿಯದವನಿಗೆ ಇದ್ದೂ ಇಲ್ಲದಂತಿರುತ್ತದೆ. ದೇವರೂ ಹಾಗೆಯೇ, ಗುರುವಿತ್ತ ಮಂತ್ರವೇ ಪಾಸ್‌ವರ್ಡ್ ಎಂದು ಮುಗಿಸಿದಾಗ ಸಭೆಯು ತಲೆದೂಗುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಂಥ ಊರುಗಳಲ್ಲಿ, ಶ್ರಾವಣ ಬಂತೆಂದರೆ ಮಠಗಳಲ್ಲಿಯೂ ಗುಡಿಗಳಲ್ಲಿಯೂ ಪುರಾಣ ಹಚ್ಚುವ ಈ ಸೀಮೆಯಲ್ಲಿ, ಮನೆಯ ಲ್ಯಾಪ್‌ಟಾಪು ವೈಫೈಯನ್ನು ಹಿಡಿಯದೆ ಬೇಸತ್ತು ಬಂದು ಕುಳಿತವನೊಬ್ಬನು ಆ ಸಭೆಯಲ್ಲಿ ಇರದಿರಲಾರನು. ಅವನಿಗೆ ಈ ಉಪಮಾನವು ಸಮಾಧಾನಕ್ಕಿಂತ ಮಿಗಿಲಾಗಿ ಒಂದು ಪ್ರಶ್ನೆಯನ್ನೇ ಕೊಡಬೇಕು. ತನಗೆ ಸಿಕ್ಕದಿರುವುದು ಅಲ್ಲಿ ಇಲ್ಲವೇ ಇಲ್ಲವೋ, ಇದ್ದರೂ ತನಗೆ ಮಾತ್ರ ಸಿಕ್ಕದೋ, ಇವೆರಡರ ಭೇದವನ್ನು ತಿಳಿಯುವ ಬಗೆ ಯಾವುದು? ದೇವರ ವಿಷಯದಲ್ಲಿ ಈ ಪ್ರಶ್ನೆಯನ್ನು ನಮ್ಮ ದರ್ಶನಕಾರರು ಶತಮಾನಗಳ ಕಾಲ ಚರ್ಚಿಸಿದರು. ವೈಫೈಯ ವಿಷಯದಲ್ಲಿ ಮನೆಯ ಹುಡುಗರು ಅದನ್ನು ಬಹುಬೇಗನೆ ಬಗೆಹರಿಸುತ್ತಾರೆ. ಹುಡುಗರು ಹಿಡಿಯುವ ದಾರಿಯು ದರ್ಶನಕಾರರು ತೋರಿಸಿದ ದಾರಿಗೆ ಎಷ್ಟು ಸಮೀಪದ್ದೆಂಬುದನ್ನು ನೋಡಿದರೆ, ಪ್ರವಚನಕಾರರು ತಮ್ಮ ಉಪಮಾನದಲ್ಲಿ ತಮಗೆ ಬೇಕಾದ ಅರ್ಧವನ್ನು ಮಾತ್ರ ತೆಗೆದುಕೊಂಡು ಉಳಿದರ್ಧವನ್ನು ಮಂಟಪದ ಹೊರಗೆ ಬಿಟ್ಟುಬಂದರೆಂದು ನನಗೆ ತೋರುತ್ತದೆ.

ಮೀಮಾಂಸಕರಲ್ಲಿ ಕುಮಾರಿಲಭಟ್ಟನ ಮತದವರೂ ಈ ವಿಷಯದಲ್ಲಿ ಅವರನ್ನು ಅನುಸರಿಸಿದ ಅದ್ವೈತಿಗಳೂ, ಪ್ರತ್ಯಕ್ಷ, ಅನುಮಾನ ಮೊದಲಾದ ಐದು ಪ್ರಮಾಣಗಳ, ಎಂದರೆ ಅರಿವಿನ ಸಾಧನಗಳ, ಮೇಲೆ ಅನುಪಲಬ್ಧಿಯೆಂಬ ಆರನೆಯದೊಂದನ್ನು ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆಯಿಲ್ಲವೆಂದು ನಾವು ಹೇಳುವಾಗ ನಮ್ಮ ಕಣ್ಣಿಗೆ ಬಿದ್ದಿರುವುದು ಬರಿಯ ನೆಲವೇ ಹೊರತು ಗಡಿಗೆಯ ಅಭಾವವಲ್ಲ. ಅಭಾವಕ್ಕೆ ಬಣ್ಣವಿಲ್ಲ, ಆಕಾರವಿಲ್ಲ, ಅದು ಇಂದ್ರಿಯಕ್ಕೆ ತಾಗುವ ವಸ್ತುವಲ್ಲ. ಆದುದರಿಂದ ಗಡಿಗೆಯು ತೋರದಿರುವುದೇ ಅದರ ಅಭಾವವನ್ನು ತಿಳಿಸುವ ಸ್ವತಂತ್ರ ಪ್ರಮಾಣವಾಗಬೇಕೆಂಬುದು ಅವರ ವಾದ. ಇಷ್ಟನ್ನೇ ಹೇಳಿ ಸುಮ್ಮನಾಗಿದ್ದರೆ ಕತ್ತಲೆಯ ಕೋಣೆಯಲ್ಲಿ ಗಡಿಗೆಯನ್ನು ಕಾಣದವನೂ ಅದಿಲ್ಲವೆಂದು ಸಾಧಿಸಬಹುದಾಗಿತ್ತು. ಹಾಗಾಗದಂತೆ ಅವರು ಒಂದು ನಿರ್ಬಂಧವನ್ನು ಇಟ್ಟರು: ವಸ್ತುವು ಅಲ್ಲಿ ಇದ್ದಿದ್ದರೆ ಕಂಡೇ ತೀರುತ್ತಿತ್ತು ಎನ್ನುವಷ್ಟು ಸಾಮಗ್ರಿಯು ನೆರೆದಿರುವಾಗ, ಎಂದರೆ ಬೆಳಕೂ ಕಣ್ಣೂ ಸಾಮೀಪ್ಯವೂ ಗಮನವೂ ಕೂಡಿಬಂದಿರುವಾಗ, ಆಗಲೂ ಅದು ಕಾಣದಿದ್ದರೆ ಮಾತ್ರ ಇಲ್ಲವೆಂದು ನಿಶ್ಚಯಿಸತಕ್ಕದ್ದು. ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಪುಣ್ಯಪಾಪಗಳು ಯಾರ ಕಣ್ಣಿಗೂ ಬೀಳವು, ಆದರೂ ಅಷ್ಟರಿಂದಲೇ ಅವಿಲ್ಲವೆನ್ನುವಂತಿಲ್ಲ, ಏಕೆಂದರೆ ಅವು ಕಾಣತಕ್ಕ ಜಾತಿಯವೇ ಅಲ್ಲವೆಂದು 17ನೆಯ ಶತಮಾನದ ಧರ್ಮರಾಜಾಧ್ವರೀಂದ್ರನು ವೇದಾಂತಪರಿಭಾಷೆಯಲ್ಲಿ ವಿವರಿಸುತ್ತಾನೆ. ಪ್ರಮಾಣಗಳ ಎಣಿಕೆಯ ವಿಷಯದಲ್ಲಿ ಜಗಳವೇನೋ ಉಂಟು. ಚೀಕಲಪರ್ವಿಯ ವಿಜಯದಾಸರನ್ನೂ ಮಾನ್ವಿಯ ಜಗನ್ನಾಥದಾಸರನ್ನೂ ಕೊಟ್ಟ ಈ ರಾಯಚೂರು ಸೀಮೆಯಲ್ಲಿ ಮನೆಮಾತಾಗಿರುವ ಮಧ್ವಮತವು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರರಲ್ಲಿಯೇ ಎಲ್ಲವನ್ನೂ ಅಡಗಿಸುತ್ತದೆ. ನೈಯಾಯಿಕರು ಅಭಾವವನ್ನು ಪದಾರ್ಥವೆಂದು ಒಪ್ಪಿದರೂ ಅದನ್ನು ತಿಳಿಸುವುದು ಪ್ರತ್ಯಕ್ಷವೇ ಎನ್ನುತ್ತಾರೆ. ಬೌದ್ಧನಾದ ಧರ್ಮಕೀರ್ತಿಯು ಅದನ್ನು ಅನುಮಾನಕ್ಕೆ ಸೇರಿಸುತ್ತಾನೆ. ಆದರೆ ಕಾಣತಕ್ಕದ್ದು ಕಾಣದಿದ್ದರೆ ಮಾತ್ರ ‘ಇಲ್ಲ’ ಎಂಬ ಮಾತಿಗೆ ಬೆಲೆಯೆಂಬಲ್ಲಿ ಇವರ ಕೈಗಳು ಒಂದೇ ಕಡೆ ಕೂಡುತ್ತವೆ.

‘ವೈಫೈ ಹಿಡೀವಲ್ದು’ ಎಂಬುದು ಈ ಕಡೆಯ ಮನೆಮಾತು. ಈ ಒಂದು ದೂರಿನೊಳಗೆ ಬೇರೆ ಬೇರೆಯಾದ ಮೂರು ಅವಸ್ಥೆಗಳು ಅಡಗಿವೆ: ಮನೆಯ ಜಾಲದ ಹೆಸರೇ ಪಟ್ಟಿಯಲ್ಲಿ ತೋರದಿರುವುದು ಒಂದು, ಹೆಸರು ತೋರಿದರೂ ಒಳಗೆ ಬಿಟ್ಟುಕೊಳ್ಳದಿರುವುದು ಇನ್ನೊಂದು, ಒಳಗೆ ಬಿಟ್ಟುಕೊಂಡಮೇಲೂ ಹೊರಲೋಕವು ಸಿಕ್ಕದಿರುವುದು ಮತ್ತೊಂದು. ಮೊದಲನೆಯದರಲ್ಲಿ ಹುಡುಗರು ಮಾಡುವ ಮೊದಲ ಕೆಲಸವೆಂದರೆ ಮೊಬೈಲನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿಯೇ ಇಟ್ಟು ನೋಡುವುದು. ಮೊಬೈಲಿಗೆ ಸಿಕ್ಕಿ ಲ್ಯಾಪ್‌ಟಾಪಿಗೆ ಸಿಕ್ಕದಿದ್ದರೆ ದೋಷವು ಅಲೆಯಲ್ಲಿಲ್ಲ; ಎರಡಕ್ಕೂ ಸಿಕ್ಕದಿದ್ದರೆ ರೂಟರಿನ ಕಡೆಗೆ ತಿರುಗಬೇಕು; ಲ್ಯಾಪ್‌ಟಾಪನ್ನು ನೆರೆಮನೆಗೆ ಒಯ್ದು ಅಲ್ಲಿ ಹಿಡಿಯುತ್ತದೆಯೇ ಎಂದು ನೋಡಿದರೆ ಉಳಿದ ಶಂಕೆಯೂ ಕಳೆಯುತ್ತದೆ. ಒಂದು ಇದ್ದಾಗ ಇನ್ನೊಂದು ಇರುತ್ತದೆಯೇ, ಒಂದನ್ನು ತೆಗೆದಾಗ ಇನ್ನೊಂದೂ ಹೋಗುತ್ತದೆಯೇ ಎಂದು ಪರೀಕ್ಷಿಸಿ ಕಾರಣವನ್ನು ಕಂಡುಕೊಳ್ಳುವ ಅನ್ವಯವ್ಯತಿರೇಕವಲ್ಲದೆ ಇದು ಬೇರೇನೂ ಅಲ್ಲ. ತರ್ಕಶಾಸ್ತ್ರದ ಮೊದಲ ಪಾಠವಾದ ತರ್ಕಸಂಗ್ರಹವನ್ನು ಮುಟ್ಟದ ಹುಡುಗರು ಇದನ್ನು ಸಹಜವಾಗಿ ಮಾಡುತ್ತಾರೆ. ತರ್ಕಸಂಗ್ರಹವನ್ನು ಓದಿದ ಹಿರಿಯರು ಅನೇಕರು ನೇರವಾಗಿ ಕಂಪನಿಯವನಿಗೆ ಫೋನು ಮಾಡಿ ಬಯ್ಯುತ್ತಾರೆ.

ಇಲ್ಲಿ ಯೋಗ್ಯತೆಯ ಪ್ರಶ್ನೆಯು ಎಷ್ಟು ಸೂಕ್ಷ್ಮವಾಗಬಲ್ಲದೆಂಬುದಕ್ಕೆ ಕೆಲವು ಸಂಗತಿಗಳನ್ನು ಬಿಡಿಸಿ ಹೇಳಬೇಕು. ಇಂದಿನ ರೂಟರುಗಳು ಸಾಮಾನ್ಯವಾಗಿ ಎರಡು ಪಟ್ಟೆಗಳಲ್ಲಿ ಅಲೆಯನ್ನು ಹೊಮ್ಮಿಸುತ್ತವೆ: ಒಂದು 2.4 ಗಿಗಾಹರ್ಟ್ಸ್, ಅದರ ತರಂಗದೂರ ಸುಮಾರು 12 ಸೆಂಟಿಮೀಟರು. ಇನ್ನೊಂದು 5 ಗಿಗಾಹರ್ಟ್ಸ್, ಅದರ ತರಂಗದೂರ ಸುಮಾರು 6 ಸೆಂಟಿಮೀಟರು. ಹಳೆಯ ಲ್ಯಾಪ್‌ಟಾಪುಗಳು ಅನೇಕವು ಮೊದಲನೆಯದನ್ನು ಮಾತ್ರ ಬಲ್ಲವು. ರೂಟರು ಎರಡನೆಯ ಪಟ್ಟೆಯಲ್ಲಿ ಮಾತ್ರ ಉಲಿಯುತ್ತಿದ್ದರೆ, ಪಕ್ಕದಲ್ಲಿಯೇ ಕುಳಿತ ಹಳೆಯ ಯಂತ್ರಕ್ಕೆ ಅದು ಸಂಪೂರ್ಣ ಮೌನ. 2.4 ಗಿಗಾಹರ್ಟ್ಸ್ ಪಟ್ಟೆಯೊಳಗೂ ಒಂದು ವಿಚಿತ್ರವುಂಟು. ಅದನ್ನು ಹದಿಮೂರು ಚಾನೆಲುಗಳಾಗಿ ವಿಭಾಗಿಸಿದ್ದಾರೆ. ಅಮೆರಿಕದ ನಿಯಮಕ್ಕೆ ಹೊಂದಿಸಿದ ಲ್ಯಾಪ್‌ಟಾಪು ಮೊದಲ ಹನ್ನೊಂದನ್ನು ಮಾತ್ರ ಆಲಿಸುತ್ತದೆ. ಅಲ್ಲಿ ಓದಲು ಹೋದ ಮಗನು ರಜೆಗೆ ತಂದ ಲ್ಯಾಪ್‌ಟಾಪಿಗೆ, ಹನ್ನೆರಡನೆಯದರಲ್ಲೋ ಹದಿಮೂರನೆಯದರಲ್ಲೋ ನುಡಿಯುತ್ತಿರುವ ಸಿಂಧನೂರಿನ ರೂಟರು ಕಾಣದೆಹೋದರೆ, ಮನೆಯವರೆಲ್ಲರ ಮೊಬೈಲಿಗೆ ಕಾಣುವುದು ಹೆಚ್ಚು ಬೆಲೆಯ ಯಂತ್ರಕ್ಕೆ ಏಕೆ ಕಾಣಲಿಲ್ಲವೆಂದು ಬೆರಗಾಗುವುದು ಸಹಜ. ಯಂತ್ರವು ಕೆಟ್ಟಿಲ್ಲ; ಅಲೆಯೂ ಇಲ್ಲದಿಲ್ಲ; ಕೇಳಬೇಕಾದ ಕಡೆ ಕಿವಿಯು ತೆರೆದಿಲ್ಲ. ಇನ್ನು ಗೋಡೆಗಳ ಮಾತು. ಈ ಭಾಗದ ಹಳೆಯ ಕಲ್ಲುಕಟ್ಟಡದ ಮಾಳಿಗೆಮನೆಗಳ ದಪ್ಪ ಗೋಡೆಯು ಬೇಸಗೆಯ ಉರಿಯನ್ನು ತಡೆಯುವಂತೆಯೇ ಅಲೆಯನ್ನೂ ತಡೆಯುತ್ತದೆ, ಅದರಲ್ಲಿಯೂ ಗಿಡ್ಡ ಅಲೆಯಾದ ಎರಡನೆಯ ಪಟ್ಟೆಯನ್ನು ಹೆಚ್ಚಾಗಿ. ತಗಡಿನ ಮಾಡು ಅದನ್ನು ಹಿಂದಕ್ಕೆ ದೂಡುತ್ತದೆ. ತುಂಗಭದ್ರಾ ಎಡದಂಡೆಯ ನೀರಿನಲ್ಲಿ ಬೆಳೆದ ನೆಲ್ಲಿನ ಚೀಲಗಳನ್ನು ಹಸಿಯಿರುವಾಗಲೇ ನಡುಮನೆಯಲ್ಲಿ ಒಟ್ಟಿದರೆ, ಕಾಳಿನೊಳಗಿನ ತೇವವು ಅಲೆಯ ಬಲವನ್ನು ಹೀರಿಬಿಡುತ್ತದೆ. ಸುಗ್ಗಿಯಲ್ಲಿ ಒಳಕೋಣೆಯ ಲ್ಯಾಪ್‌ಟಾಪಿಗೆ ಸಿಕ್ಕದ ವೈಫೈಯು ನೆಲ್ಲು ಮಿಲ್ಲಿಗೆ ಹೋದೊಡನೆ ಸಿಕ್ಕಿದರೆ ಅದು ಯಾವ ದೇವತೆಯ ಅನುಗ್ರಹವೂ ಅಲ್ಲ.

ಹೆಸರನ್ನು ಬೇಕೆಂದೇ ಮರೆಸಿಡುವ ಪದ್ಧತಿಯೂ ಒಂದುಂಟು. ರೂಟರು ತನ್ನ ಹೆಸರನ್ನು ಸಾರದಂತೆ ಮಾಡಬಹುದು; ಆಗ ಹೆಸರನ್ನು ಮೊದಲೇ ಬಲ್ಲ ಲ್ಯಾಪ್‌ಟಾಪು ಆ ಹೆಸರನ್ನು ತಾನೇ ಕರೆದು ಕೇಳಬೇಕು, ಕರೆದರೆ ರೂಟರು ಓಗೊಡುತ್ತದೆ. ಪ್ರವಚನಕಾರರಿಗೆ ಇದು ತಿಳಿದಿದ್ದರೆ ನಾಮಸ್ಮರಣೆಯ ಮಹಿಮೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಅವರಿಗೆ ಸಿಕ್ಕುತ್ತಿರಲಿಲ್ಲ. ಜೊತೆಗೆ ಅವರು ಇದನ್ನೂ ಹೇಳಬೇಕಾಗುತ್ತಿತ್ತು: ಹೀಗೆ ಕಲಿಸಿದ ಲ್ಯಾಪ್‌ಟಾಪು ಆ ರೂಟರು ಇಲ್ಲದ ಊರಿನಲ್ಲಿಯೂ, ಬಸ್‌ಸ್ಟ್ಯಾಂಡಿನಲ್ಲಿಯೂ, ಅದೇ ಹೆಸರನ್ನು ಕೂಗುತ್ತಲೇ ಇರುತ್ತದೆ.

ಎರಡನೆಯ ಅವಸ್ಥೆಯನ್ನು ಬೇಗನೆ ದಾಟಬಹುದಾದರೂ ಅದರಲ್ಲೊಂದು ಸ್ವಾರಸ್ಯವಿದೆ. ಹೆಸರು ಕಾಣುತ್ತದೆ, ಒಳಗೆ ಬಿಡುವುದಿಲ್ಲ. ಹೆಚ್ಚಿನ ಸಲ ಇದರ ಕಾರಣವೇನೆಂದರೆ, ರೂಟರಿನ ಪಾಸ್‌ವರ್ಡನ್ನು ಯಾರೋ ಬದಲಾಯಿಸಿದ್ದಾರೆ, ಲ್ಯಾಪ್‌ಟಾಪು ಹಳೆಯದನ್ನೇ ನೆನಪಿಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ಒಪ್ಪಿಸುತ್ತಿದೆ. ಆ ಜಾಲವನ್ನು ಮರೆಯುವಂತೆ ಅದಕ್ಕೆ ಆಜ್ಞಾಪಿಸಿ ಹೊಸದಾಗಿ ಪರಿಚಯ ಮಾಡಿಸಿದರೆ ಬಾಗಿಲು ತೆರೆಯುತ್ತದೆ. ಸ್ಮೃತಿಯು ಪ್ರಮಾಣವೇ ಎಂಬುದು ನಮ್ಮಲ್ಲಿ ಹಳೆಯ ವಿವಾದ. ನೈಯಾಯಿಕರೂ ಮೀಮಾಂಸಕರೂ ಅದನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಟೀಕಾಚಾರ್ಯರೆಂದು ಪ್ರಸಿದ್ಧರಾದ ಜಯತೀರ್ಥರು ಮೊದಲಾದ ಮಾಧ್ವರು ಒಪ್ಪುತ್ತಾರೆ, ಏಕೆಂದರೆ ನೆನಪು ಆದದ್ದನ್ನು ಆಗಿಹೋದದ್ದೆಂದೇ ತಿಳಿಸುತ್ತದೆ, ಅದರಲ್ಲಿ ಸುಳ್ಳೇನಿದೆ ಎಂಬುದು ಅವರ ಆಶಯ. ನನ್ನ ಮನಸ್ಸು ಮಾಧ್ವರ ಕಡೆಗೇ ವಾಲುತ್ತದೆ. ಲ್ಯಾಪ್‌ಟಾಪಿನ ನೆನಪು ಸುಳ್ಳಲ್ಲ; ಆ ಪಾಸ್‌ವರ್ಡು ಹೋದ ತಿಂಗಳು ನಿಜವಾಗಿಯೇ ಸಲ್ಲುತ್ತಿತ್ತು. ಹೋದ ತಿಂಗಳಿನದನ್ನು ಇಂದಿನದೆಂದು ಎಣಿಸಿದ್ದು ಮಾತ್ರ ತಪ್ಪು, ಮತ್ತು ಆ ತಪ್ಪು ನೆನಪಿನದಲ್ಲ. ಧರ್ಮದ ವಿಷಯದಲ್ಲಿಯೂ ನಮ್ಮ ಅನೇಕ ಆಚಾರಗಳ ಮೇಲಿನ ಜಗಳವು ಇದೇ ಜಾತಿಯದೆಂದು ಒಮ್ಮೊಮ್ಮೆ ಅನಿಸುವುದುಂಟು.

ಮೂರನೆಯ ಅವಸ್ಥೆಯೇ ಎಲ್ಲಕ್ಕಿಂತ ಗಹನವಾದದ್ದು. ಹೆಸರು ಕಂಡಿತು, ಬಾಗಿಲು ತೆರೆಯಿತು, ಆದರೆ ಪರದೆಯ ಮೂಲೆಯಲ್ಲಿ ‘ಸಂಪರ್ಕವಿದೆ, ಇಂಟರ್ನೆಟ್ ಇಲ್ಲ’ ಎಂಬ ಅರ್ಥದ ಬರಹವು ನಿಂತಿದೆ. ಒಳಗೆ ಬಂದ ಪ್ರತಿಯೊಂದು ಯಂತ್ರಕ್ಕೂ ರೂಟರು ಒಂದು ಸಂಖ್ಯಾವಿಳಾಸವನ್ನು ಕೊಡಬೇಕು. ಕೊಡುವವರಾರೂ ಓಗೊಡದಿದ್ದರೆ ಲ್ಯಾಪ್‌ಟಾಪು ಸುಮ್ಮನಿರದೆ 169.254 ಎಂದು ಮೊದಲಾಗುವ ವಿಳಾಸವೊಂದನ್ನು ತನಗೆ ತಾನೇ ಇಟ್ಟುಕೊಳ್ಳುತ್ತದೆ. ಬಲ್ಲವರು ಈ ಅಂಕಿಯನ್ನು ನೋಡಿದೊಡನೆಯೇ ದೋಷವು ಮನೆಯೊಳಗಿದೆಯೆಂದು ನಿಶ್ಚಯಿಸುತ್ತಾರೆ. ಹಾಗಲ್ಲದೆ ರೂಟರೇ ಕೊಟ್ಟ 192.168 ಎಂದು ಮೊದಲಾಗುವ ವಿಳಾಸವಿದ್ದು, ರೂಟರಿಗೆ ಕಳುಹಿಸಿದ ಪಿಂಗ್ ಎಂಬ ಪರೀಕ್ಷಾಸಂದೇಶವು ಮರಳಿ ಬಂದು, ಹೊರಗಿನದಕ್ಕೆ ಕಳುಹಿಸಿದ್ದು ಮರಳದಿದ್ದರೆ, ತಂತಿಯು ಬೀದಿಯಲ್ಲಿ ಕಡಿದಿರಬಹುದು. ಚರಂಡಿಯ ಕೆಲಸಕ್ಕೆ ನೆಲ ಅಗೆದಾಗ ಫೈಬರು ತುಂಡಾಗಿ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತುವುದು ಈ ಊರುಗಳಿಗೆ ಅಪರಿಚಿತವಲ್ಲ. ಲ್ಯಾಪ್‌ಟಾಪಿನ ಗಡಿಯಾರವು ವರ್ಷಗಟ್ಟಲೆ ಹಿಂದೆ ಬಿದ್ದಿದ್ದರೂ ಹೊರಲೋಕವು ಮುಚ್ಚಿಹೋಗುತ್ತದೆ: ತಾಣಗಳು ತೋರಿಸುವ ಭದ್ರತೆಯ ಪ್ರಮಾಣಪತ್ರಕ್ಕೆ ಅವಧಿಯಿರುವುದರಿಂದ, ಕಾಲವನ್ನು ತಪ್ಪಾಗಿ ತಿಳಿದ ಯಂತ್ರವು ಪ್ರಾಮಾಣಿಕರೆಲ್ಲರನ್ನೂ ಕಪಟಿಗಳೆಂದು ಬಾಗಿಲಲ್ಲಿಯೇ ತಡೆಯುತ್ತದೆ.

ಇಂಟರ್ನೆಟ್ಟಿಲ್ಲವೆಂಬುದನ್ನು ಲ್ಯಾಪ್‌ಟಾಪು ಹೇಗೆ ಅರಿಯಿತು? ಅದರ ಉತ್ತರವು ಪ್ರಾಮಾಣ್ಯವಾದದ ಒಂದು ಅಧ್ಯಾಯಕ್ಕೆ ಸಮನಾಗಿದೆ. ವಿಂಡೋಸ್ 10ರಿಂದ ಈಚಿನ ಯಂತ್ರಗಳು, ಜಾಲಕ್ಕೆ ಸೇರಿದೊಡನೆ ಬಳಕೆದಾರನಿಗೆ ತಿಳಿಯದಂತೆ ಮೈಕ್ರೋಸಾಫ್ಟ್ ಸಂಸ್ಥೆಯ ಒಂದು ವಿಳಾಸಕ್ಕೆ ಹೋಗಿ, ‘ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್’ ಎಂಬ ಮೂರೇ ಪದಗಳಿರುವ ಪುಟ್ಟ ಕಡತವೊಂದನ್ನು ಬೇಡುತ್ತವೆ. ಆ ಪದಗಳು ಯಥಾವತ್ತಾಗಿ ಬಂದರೆ ಇಂಟರ್ನೆಟ್ ಇದೆ, ಬಾರದಿದ್ದರೆ ಇಲ್ಲ. ಅರಿವು ತನ್ನಷ್ಟಕ್ಕೆ ತಾನು ಸತ್ಯವೆಂದು ಗೊತ್ತಾಗುವುದಿಲ್ಲ, ಅದನ್ನು ನಂಬಿ ಮಾಡಿದ ಕೆಲಸವು ಫಲಿಸಿದಾಗಲೇ ಗೊತ್ತಾಗುವುದು, ದೂರದಲ್ಲಿ ಕಂಡದ್ದು ನೀರೆಂಬುದು ಕುಡಿದಾಗಲೇ ಸಿದ್ಧವಾಗುವುದು ಎಂಬ ನ್ಯಾಯಮತವನ್ನೇ ವಿಂಡೋಸ್ ರಚಿಸಿದವರು ಅರಿಯದೆ ಹಿಡಿದಿದ್ದಾರೆ. ಮೀಮಾಂಸಕನು ಇದಕ್ಕೆ ಒಡ್ಡುತ್ತಿದ್ದ ಆಕ್ಷೇಪವೂ ಅಷ್ಟೇ ಸಲ್ಲುತ್ತದೆ. ಒಂದು ಅರಿವನ್ನು ದೃಢಪಡಿಸಲು ಇನ್ನೊಂದು ಅರಿವು ಬೇಕಾದರೆ ಆ ಇನ್ನೊಂದನ್ನು ದೃಢಪಡಿಸುವುದು ಯಾವುದು? ಹೀಗೆ ಸಾಗಿದರೆ ಅನವಸ್ಥೆ. ಇದು ಬರಿಯ ವಾಗ್ವಾದವೂ ಅಲ್ಲ: ಉಳಿದೆಲ್ಲ ತಾಣಗಳೂ ತೆರೆಯುತ್ತಿದ್ದು ಆ ಒಂದು ಕಡತಕ್ಕೆ ಹೋಗುವ ದಾರಿಯನ್ನು ಯಾವುದೋ ರಕ್ಷಣಾ ತಂತ್ರಾಂಶವು ತಡೆದಿದ್ದರೆ, ಕಣ್ಣೆದುರಿಗೆ ಪತ್ರಿಕೆಯ ಪುಟವು ತೆರೆದುಕೊಂಡಿದ್ದರೂ ಲ್ಯಾಪ್‌ಟಾಪು ಇಂಟರ್ನೆಟ್ಟಿಲ್ಲವೆಂದೇ ಸಾಧಿಸುತ್ತದೆ. ಪರೀಕ್ಷೆಯೇ ಇಲ್ಲಿ ಪರೀಕ್ಷೆಯಲ್ಲಿ ಸೋತಿದೆ. ಮಾಧ್ವರು ಈ ಅನವಸ್ಥೆಯನ್ನು ಸಾಕ್ಷಿಯಲ್ಲಿ ನಿಲ್ಲಿಸುತ್ತಾರೆ. ಅರಿವನ್ನೂ ಅದರ ಸತ್ಯತ್ವವನ್ನೂ ಆತ್ಮಸ್ವರೂಪವಾದ ಸಾಕ್ಷಿಯೇ ಗ್ರಹಿಸುತ್ತದೆ, ಸಂದೇಹ ಹುಟ್ಟಿದ ಕಡೆ ಪರೀಕ್ಷೆಯು ಅದಕ್ಕೆ ನೆರವಾಗುತ್ತದೆ ಎನ್ನುತ್ತಾರೆ. ಯಂತ್ರಕ್ಕೆ ಸಾಕ್ಷಿಯಿಲ್ಲ. ಅದರ ಮುಂದೆ ಕುಳಿತು, ಮೂಲೆಯ ಬರಹವು ಏನನ್ನೇ ಹೇಳಲಿ ಪುಟವು ತೆರೆದಿದೆಯಲ್ಲವೇ ಎಂದು ನಕ್ಕು ಕೆಲಸ ಮುಂದುವರಿಸುವ ಮನುಷ್ಯನಿಗೆ ಉಂಟು.

ಮಸ್ಕಿಯ ಹೆಸರನ್ನು ಎತ್ತಿದಮೇಲೆ ಅಲ್ಲಿನ ಬಂಡೆಯನ್ನು ಮಾತನಾಡಿಸದೆ ಮುಂದೆ ಹೋಗುವುದು ಯುಕ್ತವಲ್ಲ, ಅದರಲ್ಲಿಯೂ ಕಾಣದಿರುವುದು ಇಲ್ಲದಿರುವುದಕ್ಕೆ ಸಮನಲ್ಲವೆಂಬುದಕ್ಕೆ ಭರತಖಂಡದ ಇತಿಹಾಸದಲ್ಲಿ ಇದಕ್ಕಿಂತ ಸ್ಫುಟವಾದ ನಿದರ್ಶನ ದುರ್ಲಭವಾಗಿರುವಾಗ. ಜೇಮ್ಸ್ ಪ್ರಿನ್ಸೆಪನು 1837ರಲ್ಲಿ ಬ್ರಾಹ್ಮೀಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ ಹೆಸರು ದೇವಾನಾಂಪ್ರಿಯ ಪ್ರಿಯದರ್ಶಿ ಎಂಬುದು. ಅಶೋಕನೆಂಬ ಹೆಸರು ಎಲ್ಲಿಯೂ ಇರಲಿಲ್ಲ. ಅದೇ ಕಾಲದಲ್ಲಿ ಸಿಂಹಳದಲ್ಲಿದ್ದ ಜಾರ್ಜ್ ಟರ್ನರನು ದೀಪವಂಶವೆಂಬ ಬೌದ್ಧಗ್ರಂಥದ ಆಧಾರದಿಂದ ಈ ಪ್ರಿಯದರ್ಶಿಯು ಅಶೋಕನೇ ಎಂದು ತೋರಿಸಿದನು. ಅಂದಿನಿಂದ ಮುಂದಿನ ಎಪ್ಪತ್ತೆಂಟು ವರ್ಷಗಳ ಕಾಲ ವಿದ್ವಾಂಸರು ಅಶೋಕನ ಶಾಸನಗಳೆಂದು ಕರೆದದ್ದು ಶಬ್ದಪ್ರಮಾಣದ ಮೇಲೆಯೂ ಅನುಮಾನದ ಮೇಲೆಯೂ ನಿಂತಿತ್ತೇ ಹೊರತು ಪ್ರತ್ಯಕ್ಷದ ಮೇಲಲ್ಲ. ಶಾಸನಗಳಲ್ಲಿ ಹೆಸರಿಲ್ಲದಿರುವುದರಿಂದ ಅವು ಅಶೋಕನವಲ್ಲವೆಂದು ಒಬ್ಬನು ವಾದಿಸಬಹುದಾಗಿತ್ತು; ಅದಕ್ಕೆ ಉತ್ತರವು ಯೋಗ್ಯತೆಯ ಮಾತೇ ಆಗುತ್ತಿತ್ತು, ಬಿರುದುಗಳಿಂದಲೇ ತನ್ನನ್ನು ಹೇಳಿಕೊಳ್ಳುವ ಅರಸನ ಲೇಖನದಲ್ಲಿ ಅವನ ಹೆಸರು ಕಂಡೇ ತೀರಬೇಕೆಂಬ ನಿಯಮವೆಲ್ಲಿದೆ ಎಂದು. 1915ರಲ್ಲಿ, ನಿಜಾಮರ ರಾಜ್ಯದಲ್ಲಿದ್ದ ಮಸ್ಕಿಯ ಬಳಿ, ಚಿನ್ನದ ಗಣಿಗಾರಿಕೆಯ ಎಂಜಿನಿಯರನಾದ ಬೀಡನ್ ಎಂಬಾತನ ಕಣ್ಣಿಗೆ ಬಂಡೆಯ ಮೇಲಿನ ಈ ಬರಹವು ಬಿತ್ತು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ದೇವಾನಾಂಪ್ರಿಯನ ಪಕ್ಕದಲ್ಲಿಯೇ ಅಶೋಕನ ಹೆಸರು ಸ್ಪಷ್ಟವಾಗಿತ್ತು. ಬಳಿಕ ಮಧ್ಯಪ್ರದೇಶದ ಗುಜ್ಜರಾದಲ್ಲಿಯೂ, ಸಿಂಧನೂರಿನಿಂದ ತುಂಗಭದ್ರೆಯನ್ನು ದಾಟಿ ಬಳ್ಳಾರಿಯ ಕಡೆಗೆ ಹೋದರೆ ಸಿಕ್ಕುವ ಸೀಮೆಯ ನಿಟ್ಟೂರು, ಉದೇಗೊಳಗಳಲ್ಲಿಯೂ ಅದೇ ಹೆಸರು ದೊರೆಯಿತು. ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟನು 1870ರಲ್ಲಿಯೂ 1888ರಲ್ಲಿಯೂ ಮಸ್ಕಿಗೆ ಬಂದು ಪ್ರಾಚೀನ ನೆಲೆಗಳನ್ನು ಗುರುತಿಸಿದ್ದನು. ಬಂಡೆಯು ಆಗಲೂ ಅಲ್ಲಿಯೇ ಇತ್ತು.

ಇದನ್ನೇ ಪ್ರವಚನಕಾರರು ತಮ್ಮ ಕಡೆಗೆ ತಿರುಗಿಸಿಕೊಂಡು, ನೋಡಿರಿ, ಅಶೋಕನೂ ಇದ್ದನು, ಅಲೆಯೂ ಇತ್ತು, ಹಾಗೆಯೇ ದೇವರೂ ಇದ್ದಾನೆ ಎನ್ನಬಹುದು. ಅಲ್ಲಿ ನಾನು ಅವರೊಡನೆ ಹೋಗಲಾರೆ. ಈ ವಾದದ ಬಲವನ್ನೂ ಅದರ ಎಲ್ಲೆಯನ್ನೂ ಸರಿಯಾಗಿ ಅರಿತವನು ಉದಯನಾಚಾರ್ಯ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ಆ ಮಹಾನೈಯಾಯಿಕನು ನ್ಯಾಯಕುಸುಮಾಂಜಲಿಯ ಮೂರನೆಯ ಸ್ತಬಕದಲ್ಲಿ, ಕಾಣದ್ದರಿಂದಲೇ ಈಶ್ವರನಿಲ್ಲವೆನ್ನುವವರನ್ನು ಎದುರಿಸುತ್ತಾನೆ. ಕಂಡದ್ದು ಮಾತ್ರ ಉಂಟೆನ್ನುವ ಚಾರ್ವಾಕನು ಮನೆಯಿಂದ ಹೊರಗೆ ಹೋದೊಡನೆ ಹೆಂಡತಿಮಕ್ಕಳು ಕಾಣದ ಕಾರಣ ಅವರಿಲ್ಲವೆಂದು ಎದೆ ಬಡಿದುಕೊಂಡು ಅಳಬೇಕಾಗುತ್ತದೆ, ಮನೆಗೆ ಮರಳುವುದಕ್ಕೂ ಅವನಿಗೆ ಕಾರಣವಿರುವುದಿಲ್ಲ ಎಂದು ಪರಿಹಾಸ ಮಾಡುತ್ತಾನೆ. ಹಾಗಾದರೆ ಮೊಲದ ಕೊಂಬನ್ನೂ ಇಲ್ಲವೆನ್ನಲಾಗದಲ್ಲ ಎಂಬ ಪ್ರತಿಬಂದಿಗೆ, ಎಂದರೆ ಎದುರಾಳಿಯ ಮರುಸವಾಲಿಗೆ, ಕೊಂಬು ಕಾಣತಕ್ಕ ವಸ್ತು, ಆದುದರಿಂದ ಅದು ಕಾಣದಿದ್ದರೆ ಇಲ್ಲ; ಕಾಣತಕ್ಕದ್ದಲ್ಲದ್ದನ್ನು ಕಾಣದಿರುವಿಕೆಯು ಬಾಧಿಸದು ಎಂದು ಉತ್ತರಿಸುತ್ತಾನೆ. ಉದಯನನು ಇಲ್ಲಿಗೆ ನಿಲ್ಲಲಿಲ್ಲವೆಂಬುದೇ ಅವನ ದೊಡ್ಡತನ. ಬಾಧಕವಿಲ್ಲವೆಂದ ಮಾತ್ರಕ್ಕೆ ಸಾಧಕವಿದ್ದಂತಾಗಲಿಲ್ಲವೆಂದು ಬಲ್ಲ ಅವನು, ಜಗತ್ತು ಕಾರ್ಯವಾದುದರಿಂದ ಕರ್ತನು ಬೇಕೆಂಬುದು ಮೊದಲಾದ ಹೇತುಗಳನ್ನು ಮುಂದೆ ಐದನೆಯ ಸ್ತಬಕದಲ್ಲಿ ಬೇರೆಯಾಗಿ ಕೂಡಿಸಬೇಕಾಯಿತು. ಆ ಹೇತುಗಳು ಇಂದು ಎಷ್ಟು ನಿಲ್ಲುತ್ತವೆಂಬುದು ಬೇರೆ ಮಾತು; ಅವು ಬೇಕಾಗಿದ್ದವೆಂಬುದನ್ನು ಅವನು ಮರೆಯಲಿಲ್ಲ. ವೈಫೈಯ ಉಪಮಾನವು ಮೂರನೆಯ ಸ್ತಬಕದಲ್ಲಿಯೇ ಮಂಗಳ ಹಾಡಿಬಿಡುತ್ತದೆ.

ಅಷ್ಟೇ ಅಲ್ಲ, ಅಲೆಯು ಕಾಣದ ವಸ್ತುವೆಂಬುದೂ ಪೂರ್ತಿಯಾಗಿ ನಿಜವಲ್ಲ. ಮ್ಯಾಕ್ಸ್‌ವೆಲ್ಲನು 1865ರಲ್ಲಿ ಅದನ್ನು ಗಣಿತದಿಂದ ಊಹಿಸಿದನು. 1879ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಪ್ರಯೋಗದಲ್ಲಿ ಕಾಣಲಿಲ್ಲ. ಹರ್ಟ್ಸ್ 1887–88ರಲ್ಲಿ ಅದನ್ನು ಕಿಡಿಯಾಗಿ ತೋರಿಸಿದನು. ನಮ್ಮ ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ಜನರ ಎದುರಿಗೆ ಅದನ್ನು ಗೋಡೆಯಾಚೆಗೆ ಕಳುಹಿಸಿ ಗಂಟೆ ಬಾರಿಸಿದರು, ಮದ್ದು ಸಿಡಿಸಿದರು. ಕಣ್ಣಿಗೆ ಅಯೋಗ್ಯವಾದುದು ಸಲಕರಣೆಗೆ ಯೋಗ್ಯವಾಯಿತು, ಅಂದಿನಿಂದ ಅದಿಲ್ಲವೆಂದು ಹೇಳುವ ಅಧಿಕಾರವೂ ನಮಗೆ ಬಂದಿತು. ಲಿಂಗಸುಗೂರಿನ ಒಂದು ಮನೆಯಲ್ಲಿ ರೂಟರಿಗೆ ಕರೆಂಟು ಬಂದಿದೆಯೋ ಇಲ್ಲವೋ ಎಂಬುದನ್ನೂ, ಅಲೆ ಹೊಮ್ಮುತ್ತಿದೆಯೋ ಇಲ್ಲವೋ ಎಂಬುದನ್ನೂ ಒಬ್ಬ ಬಾಲಕನು ಹೇಳಬಲ್ಲನು, ಮತ್ತು ಅವನು ಇಲ್ಲವೆಂದರೆ ಅದು ಇಲ್ಲ. ವೈಫೈಯನ್ನು ನಂಬುವವನು ಅದು ಇಲ್ಲದಿರಬಹುದಾದ ಸಂದರ್ಭ ಯಾವುದೆಂದು ಮೊದಲೇ ಒಪ್ಪಿಕೊಂಡಿರುತ್ತಾನೆ. ದೇವರನ್ನು ವೈಫೈಗೆ ಹೋಲಿಸುವವರು ಆ ಒಪ್ಪಂದಕ್ಕೂ ಸಿದ್ಧರಾಗಿರಬೇಕು. ಹಾಗೆ ಸಿದ್ಧರಾಗದೆ, ಜಪಿಸಿದವನಿಗೆ ಸಿಕ್ಕದಿದ್ದರೆ ಶ್ರದ್ಧೆ ಸಾಲದು, ಶ್ರದ್ಧೆಯಿದ್ದರೆ ಶುದ್ಧಿ ಸಾಲದು, ಶುದ್ಧಿಯಿದ್ದರೆ ಪ್ರಾರಬ್ಧ ತೀರಿಲ್ಲ ಎಂದು ಯೋಗ್ಯತೆಯ ಗಡಿಯನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಸುತ್ತಾ ಹೋಗುವುದು, ಪ್ರತಿ ಸಲವೂ ಲ್ಯಾಪ್‌ಟಾಪಿನಲ್ಲಿಯೇ ದೋಷವಿದೆಯೆಂದು ಹೇಳಿ ರೂಟರಿನ ಕಡೆಗೆ ತಿರುಗಿಯೂ ನೋಡದ ದುರಸ್ತಿಗಾರನ ನಡತೆಯಾಗುತ್ತದೆ. ಇದರ ಎದುರಿನ ಅತಿಯೂ ಉಂಟು. ಒಮ್ಮೆ ಪಟ್ಟಿಯನ್ನು ತೆರೆದು, ಹೆಸರು ಕಾಣದೆ, ಇದೆಲ್ಲ ಪೊಳ್ಳೆಂದು ಮುಚ್ಚಿಟ್ಟವನಿಗೂ ಪ್ರಮಾಣದ ಹೆಸರೆತ್ತುವ ಹಕ್ಕಿಲ್ಲ. ಅವನ ಕಿವಿ ಹನ್ನೊಂದನೆಯ ಚಾನೆಲಿಗೆ ನಿಂತಿರಬಹುದು.

ಈ ಎರಡು ಅತಿಗಳ ನಡುವೆ ದಾರಿಯುಂಟೇ? ಮಸ್ಕಿಯ ಶಾಸನವು ಈ ಮಾತಿಗೆ ಎರಡನೆಯ ಸಲವೂ ನೆರವಾಗುತ್ತದೆ, ಈ ಬಾರಿ ಅದರಲ್ಲಿರುವ ಹೆಸರಿನಿಂದಲ್ಲ, ವಿಷಯದಿಂದ. ಜಂಬೂದ್ವೀಪದಲ್ಲಿ ಮೊದಲು ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ ಎಂದು ಅಶೋಕನು ಅಲ್ಲಿ ಬರೆಸಿದ್ದಾನೆ. ಈ ಮಾತಿನ ಅರ್ಥವೇನೆಂಬುದರಲ್ಲಿ ಪಂಡಿತರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಆದರೆ ಅದರ ಹಿಂದೆಯೇ ಬರುವ ಮಾತು ತಿಳಿಯಾಗಿದೆ: ಧರ್ಮದಲ್ಲಿ ತೊಡಗಿದ ಸಣ್ಣವನೂ ಇದನ್ನು ಪಡೆಯಬಲ್ಲನು, ದೊಡ್ಡವನಿಗೆ ಮಾತ್ರ ಲಭ್ಯವೆಂದು ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು. ಅರಸನು ಇಲ್ಲಿ ಮಾಡಿರುವುದೇನೆಂದರೆ, ಕಾಣದ ಒಂದು ಫಲವನ್ನು ಹೇಳಿ ಅದರ ಜೊತೆಗೆ ಯಾರು ಬೇಕಾದರೂ ನಡೆದು ನೋಡಬಹುದಾದ ಹಾದಿಯನ್ನೂ ಹೇಳಿದ್ದು. ಯೋಗ್ಯತೆಯು ಕುಲದಲ್ಲಿಲ್ಲ, ಪದವಿಯಲ್ಲಿಲ್ಲ, ಪ್ರಯತ್ನದಲ್ಲಿದೆ ಎಂದಮೇಲೆ ಪರೀಕ್ಷೆಯು ಸಾರ್ವಜನಿಕವಾಗುತ್ತದೆ. ಸಾರ್ವಜನಿಕವಾದಮೇಲೆ ಸೋಲುವ ಸಂಭವವೂ ಅದಕ್ಕುಂಟು. ಆ ಸಂಭವವನ್ನು ಒಪ್ಪಿಕೊಂಡು ಕಲ್ಲಿನ ಮೇಲೆ ಕೆತ್ತಿಸಿದ ಎದೆಗಾರಿಕೆಯನ್ನು ನಾನು ಮೆಚ್ಚುತ್ತೇನೆ. ಪಾಸ್‌ವರ್ಡನ್ನು ಕಿವಿಯಲ್ಲಿ ಉಸುರುವ ಉಪಮಾನಕ್ಕಿಂತ, ಬಯಲಿನ ಬಂಡೆಯ ಮೇಲೆ ಬರೆದಿಟ್ಟ ಈ ರೀತಿಯು ಧರ್ಮಜಿಜ್ಞಾಸೆಗೆ ಹೆಚ್ಚು ಒಪ್ಪುತ್ತದೆ.

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವು ಆಯ್ದಕ್ಕಿ ಮಾರಯ್ಯನದೂ ಲಕ್ಕಮ್ಮನದೂ ಊರೆಂದು ಹೇಳುತ್ತಾರೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಮಿಕ್ಕದ್ದನ್ನು ಇದ್ದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮನು ಅವನನ್ನು ಹಿಂದಿರುಗಿಸಿದ ಕಥೆಯು ಈ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಅದನ್ನು ಆಸೆಯ ನಿಗ್ರಹಕ್ಕೆ ಉದಾಹರಿಸುವುದು ವಾಡಿಕೆ. ತರ್ಕಕ್ಕೂ ಅದನ್ನು ಅನ್ವಯಿಸಬಹುದೆಂದು ನಾನು ಭಾವಿಸುತ್ತೇನೆ. ಪ್ರಮಾಣವು ಎಷ್ಟು ಕೊಟ್ಟಿತೋ ಅಷ್ಟು ನಿಶ್ಚಯವನ್ನು ಮನೆಗೆ ತರಬೇಕು, ಮಿಕ್ಕದ್ದನ್ನು ಅಂಗಳದಲ್ಲಿಯೇ ಬಿಡಬೇಕು. ಮೊಬೈಲಿಗೆ ಸಿಕ್ಕಿ ಲ್ಯಾಪ್‌ಟಾಪಿಗೆ ಸಿಕ್ಕದಿದ್ದರೆ, ಲ್ಯಾಪ್‌ಟಾಪು ಹಿಡಿಯುತ್ತಿಲ್ಲವೆಂಬಷ್ಟೇ ಅಕ್ಕಿ. ಲ್ಯಾಪ್‌ಟಾಪು ಕೆಟ್ಟಿತೆಂಬುದು ಹೆಚ್ಚಿನದು. ಅಲೆಯು ಕಾಣದೆಯೂ ಇದೆಯೆಂಬುದರಿಂದ, ಕಾಣದ್ದೆಲ್ಲ ಇಲ್ಲದಿರಬೇಕಾಗಿಲ್ಲವೆಂಬಷ್ಟೇ ಅಕ್ಕಿ. ಕಾಣದ ಇಂಥ ದೇವರು ಇಂಥ ಮಂತ್ರಕ್ಕೆ ಒಲಿಯುತ್ತಾನೆಂಬುದು ಮಣಗಟ್ಟಲೆ ಹೆಚ್ಚಿನದು. ಭಕ್ತಿಗೆ ಬೇರೆ ನೆಲೆಗಳುಂಟು, ಅವು ಈ ಅಂಗಳದಲ್ಲಿ ಆಯ್ದವಲ್ಲ, ಆಯಬೇಕಾಗಿಯೂ ಇಲ್ಲ. ಮಾನ್ವಿಯ ದಾಸರು ಹರಿಯನ್ನು ಹಾಡುವಾಗ ಯಾವ ಉಪಕರಣದ ಸಾಕ್ಷ್ಯವನ್ನೂ ಬೇಡಲಿಲ್ಲ.

ಇನ್ನು ಮನೆಯಲ್ಲಿ ಉಳಿದ ಲ್ಯಾಪ್‌ಟಾಪಿನ ಮಾತು. ಏರ್‌ಪ್ಲೇನ್ ಮೋಡನ್ನು ತೆಗೆದಿದ್ದಾಯಿತು, ಜಾಲವನ್ನು ಮರೆಸಿ ಮತ್ತೆ ನೆನಪಿಸಿದ್ದಾಯಿತು, ಪಟ್ಟೆಯನ್ನೂ ಚಾನೆಲನ್ನೂ ಬದಲಾಯಿಸಿದ್ದಾಯಿತು, ಡ್ರೈವರನ್ನು ತೆಗೆದು ಹೊಸದಾಗಿ ಹಾಕಿದ್ದಾಯಿತು, ರೂಟರಿನ ಪಕ್ಕದಲ್ಲಿಟ್ಟು ನೋಡಿದ್ದಾಯಿತು, ನೆರೆಮನೆಗೆ ಒಯ್ದು ನೋಡಿದ್ದೂ ಆಯಿತು, ಆದರೂ ಪಟ್ಟಿಯು ಬರಿದಾಗಿಯೇ ಇದೆ. ಇಷ್ಟು ಸಾಮಗ್ರಿಯು ನೆರೆದಮೇಲೆ ಕಾಣದಿರುವುದು ನಿಜವಾದ ಅನುಪಲಬ್ಧಿ, ಅದು ಕೊಡುವ ‘ಇಲ್ಲ’ವು ಅರಿವಿನ ಸೋಲಲ್ಲ, ಅರಿವೇ: ಒಳಗಿನ ವೈಫೈ ಕಾರ್ಡು ಸತ್ತಿದೆ. ಸಿಂಧನೂರಿನಲ್ಲಾಗಲಿ ಲಿಂಗಸುಗೂರಿನಲ್ಲಾಗಲಿ ಕಂಪ್ಯೂಟರ್ ಅಂಗಡಿಯಲ್ಲಿ, ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಹೆಬ್ಬೆರಳುದ್ದದ ವೈಫೈ ಡಾಂಗಲನ್ನು ಕೇಳಿದರೆ ಕೆಲವು ನೂರು ರೂಪಾಯಿಗೆ ಕೊಡುತ್ತಾರೆ. ಕೊಳ್ಳುವಾಗ ಅದು ಎರಡು ಪಟ್ಟೆಗಳನ್ನೂ ಹಿಡಿಯುತ್ತದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.